ಹಳೆಯ ಮೋಟಾರುಗಳ ಹಿರಿಯ ಬಂಧು

'ಬೇಬಿ ಆಸ್ಟಿನ್' ಎಂಬ ಹೆಸರನ್ನು ನಮ್ಮ ವಾಚಕರಲ್ಲಿ ವಯಸ್ಸಾದವರು ತಮ್ಮ ತಂದೆತಾತಂದಿರ ಬಾಯಿಂದಲಾದರೂ ಕೇಳಿರುವರು. ಒಂದು ಕಾಲದಲ್ಲಿ ನಮ್ಮ ದೇಶದ ಬೀದಿಗಳಲ್ಲಿಯೂ ಆ ಪುಟ್ಟ ಮೋಟಾರು ಗಾಡಿಯು ಓಡಾಡಿದುದುಂಟು. ದೊಡ್ಡ ಮೈಯವರು ಅದರೊಳಗೆ ಕುಳಿತರೆ, ಗಾಡಿಯನ್ನು ಹತ್ತಿದರೋ ತೊಟ್ಟುಕೊಂಡರೋ ತಿಳಿಯದೆಂದು ನೋಡಿದವರು ಹಾಸ್ಯ ಮಾಡುವಷ್ಟು ಅದು ಚಿಕ್ಕದು. ಆ ಗಾಡಿಯ ಒಡೆಯರಿಗಾಗಿ 1939ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಂಘವು ಹುಟ್ಟಿತು. ಅದನ್ನು ಹುಟ್ಟಿಸಿದವರು ವಿಲಿಯಂ ಬಾಡಿ ಎಂಬವರು. ಎಲ್ಲರ ಬಾಯಲ್ಲಿಯೂ ಅವರು ಬಿಲ್ ಬಾಡಿ. ಅವರು 2011ನೆಯ ಇಸವಿ ಜುಲೈ 7ನೆಯ ತಾರೀಖು ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬಾಡಿ ಎಂಬುದು ಅವರ ಮನೆತನದ ಹೆಸರು. ಕನ್ನಡದಲ್ಲಿ ಆ ಶಬ್ದಕ್ಕಿರುವ ಅರ್ಥವನ್ನು ಅವರಿಗೆ ಹಚ್ಚುವುದು ಸರ್ವಥಾ ಸಲ್ಲದು. ಏಕೆಂದರೆ ತೊಂಬತ್ತೆಂಟು ವರ್ಷ ಬಾಡದೆ ಬದುಕಿದ ಮನುಷ್ಯರವರು.

ಅವರ ಸ್ಮರಣೆಯನ್ನು ನಮ್ಮ ಪುಟಗಳಲ್ಲಿ ಮಾಡಬೇಕೆಂದಿರುತ್ತೇವೆ. ಮನೆಯಲ್ಲಿ ಮೋಟಾರಿಲ್ಲದವರು, ಇದು ತಮಗೆ ಸಂಬಂಧಿಸಿದುದಲ್ಲವೆಂದು ಪುಟವನ್ನು ಮಗುಚಬಾರದೆಂದು ಬೇಡುತ್ತೇವೆ. ನಾವು ಹೇಳಹೊರಟಿರುವುದು ಯಂತ್ರದ ಸಂಗತಿಗಿಂತ ಹೆಚ್ಚಾಗಿ ಒಬ್ಬ ಮನುಷ್ಯನ ಸಂಗತಿ. ಅಲ್ಪ ಹಣದವರನ್ನೂ ಒಂದು ಚಾವಡಿಯಲ್ಲಿ ಕೂಡಿಸಿ, ಮಹಾಯುದ್ಧವು ಬಂದು ಆ ಚಾವಡಿಯ ದೀಪವನ್ನು ಆರಿಸಲು ನೋಡಿದಾಗ ಕೈ ಅಡ್ಡ ಹಿಡಿದು ನಿಂತವರ ಸಂಗತಿ.

ಮೊದಲು ಗಾಡಿಯ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳದೆ ಮುಂದುವರಿಯುವಂತಿಲ್ಲ. ಒಂದನೆಯ ಮಹಾಯುದ್ಧವು ಮುಗಿದ ಹೊಸತರಲ್ಲಿ ಇಂಗ್ಲೆಂಡಿನ ಸಾಧಾರಣ ಸಂಸಾರಿಗೆ ಮೋಟಾರು ಗಾಡಿಯೆಂಬುದು ಕೈಗೆ ನಿಲುಕದ ವಸ್ತುವಾಗಿದ್ದಿತು. ಮೋಟಾರು ಸೈಕಲ್ಲಿಗೆ ಪಕ್ಕದಲ್ಲೊಂದು ತೊಟ್ಟಿಲನ್ನು ಕಟ್ಟಿ, ಗಂಡನು ಮೇಲೆ ಕುಳಿತು, ಹೆಂಡತಿಯು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಆ ತೊಟ್ಟಿಲಲ್ಲಿ ಮುದುಡಿ, ಮಳೆಯಲ್ಲಿ ನೆನೆಯುತ್ತ ಹೋಗುವುದೇ ಅಂಥವರ ವಾಹನಸುಖ. ಸರ್ ಹರ್ಬರ್ಟ್ ಆಸ್ಟಿನ್ ಎಂಬ ಕಾರ್ಖಾನೆಯ ಒಡೆಯರು ಈ ಕಷ್ಟವನ್ನು ಕಂಡು, ಆ ಮೋಟಾರು ಸೈಕಲ್ಲು ನಿಲ್ಲುವಷ್ಟು ಜಾಗದಲ್ಲಿಯೇ ನಿಲ್ಲುವ ನಾಲ್ಕು ಚಕ್ರದ ಗಾಡಿಯೊಂದನ್ನು ಮಾಡಬೇಕೆಂದು ಮನಸ್ಸು ಮಾಡಿದರು. 1921ರಲ್ಲಿ ಅವರ ಕಂಪೆನಿಯೇ ಸಾಲದಲ್ಲಿ ಮುಳುಗಿ ಪರರ ಆಡಳಿತಕ್ಕೆ ಸೇರಿದ್ದಿತು. ನಿರ್ದೇಶಕರು ಈ ಹುಚ್ಚಿಗೆ ಒಪ್ಪಲಿಲ್ಲ. ಆಸ್ಟಿನ್ನರು ಹಟ ಬಿಡದೆ, ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರ ಹುಡುಗನನ್ನು ಮನೆಗೆ ಕರೆತಂದು, ಬಿಲಿಯರ್ಡ್ಸ್ ಆಡುವ ಕೋಣೆಯಲ್ಲಿ ಕೂರಿಸಿ, ತಮ್ಮ ಸ್ವಂತ ಹಣದಿಂದಲೇ ಗಾಡಿಯ ನಕ್ಷೆಯನ್ನು ಬರೆಯಿಸಿದರು. 1922ರಲ್ಲಿ 'ಆಸ್ಟಿನ್ ಸೆವೆನ್' ಹೊರಬಂದಿತು. ಬೆಲೆ 165 ಪೌಂಡು. ಮಾರಾಟವಾದ ಒಂದೊಂದು ಗಾಡಿಗೂ ಕಂಪೆನಿಯು ಆಸ್ಟಿನ್ನರಿಗೆ 2 ಗಿನಿ ಕೊಡಬೇಕೆಂದು ಒಪ್ಪಂದವಾಗಿದ್ದಿತು. 1939ರ ವರೆಗೆ ಸುಮಾರು 2,90,000 ಗಾಡಿಗಳು ತಯಾರಾದುವೆಂದ ಮೇಲೆ ಅವರ ಹಟಕ್ಕೆ ಬಂದ ಬಡ್ಡಿಯೆಷ್ಟೆಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು.

ಗುಣವಿದ್ದಂತೆ ಅವಗುಣವೂ ಆ ಗಾಡಿಗೆ ಇದ್ದಿತು. ಅದರ ಕ್ಲಚ್ಚು ಬಲು ಮುಂಗೋಪಿ. ಕಾಲನ್ನು ಕೂದಲೆಳೆಯಷ್ಟು ಎತ್ತಿದರೆ ಗಾಡಿಯು ಕಪ್ಪೆಯಂತೆ ಕುಪ್ಪಳಿಸುವುದು, ಇಲ್ಲವೆ ಅಲ್ಲಿಯೇ ನಿಂತುಬಿಡುವುದು. ಮೊದಮೊದಲಿನ ಗಾಡಿಗಳಲ್ಲಿ ಕಾಲಿನ ಬ್ರೇಕು ಹಿಂದಿನ ಚಕ್ರಗಳನ್ನು ಮಾತ್ರವೂ ಕೈಯ ಬ್ರೇಕು ಮುಂದಿನ ಚಕ್ರಗಳನ್ನು ಮಾತ್ರವೂ ಹಿಡಿಯುತ್ತಿದ್ದಿತು. ಹಿಡಿಯುತ್ತಿದ್ದಿತೆಂಬುದು ಉಪಚಾರದ ಮಾತೆಂದು ಓಡಿಸಿದವರು ಹೇಳುವರು. ಆದರೂ 747 ಘನ ಸೆಂಟಿಮೀಟರಿನ ಆ ಪುಟ್ಟ ಎಂಜಿನ್ನನ್ನು ಮನೆಯ ಹಿತ್ತಲಿನಲ್ಲಿಯೇ ಬಿಚ್ಚಿ ಜೋಡಿಸಬಹುದಾಗಿತ್ತು. ಇಬ್ಬರು ಹಿಡಿದರೆ ಅದನ್ನು ಹೊರಕ್ಕೆ ಎತ್ತಬಹುದಾಗಿತ್ತು. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿಯವರು ಮೊಟ್ಟಮೊದಲು ಮಾಡಿ ಮಾರಿದ ಮೋಟಾರು ಗಾಡಿಯು ಈ ಆಸ್ಟಿನ್ನನ್ನೇ ಅಪ್ಪಣೆ ಪಡೆದು ನಕಲು ಮಾಡಿದುದು. ಜಾಗ್ವಾರ್ ಗಾಡಿಗಳನ್ನು ಮುಂದೆ ಲೋಕಪ್ರಸಿದ್ಧಪಡಿಸಿದ ವಿಲಿಯಂ ಲಯನ್ಸರು ಮೊದಲಿಗೆ ಅಂದವಾದ ಮೈಯನ್ನು ಕಟ್ಟಿದುದೂ ಇದೇ ಪುಟ್ಟ ಗಾಡಿಗೆ.

ಇನ್ನು ಬಾಡಿಯವರ ವಿಷಯ. ಅವರು 1913ನೆಯ ಇಸವಿ ಫೆಬ್ರವರಿ 22ರಂದು ಹುಟ್ಟಿದರು. ಶಾಲೆಗೆ ಹೋಗುವ ಹುಡುಗನಾಗಿದ್ದಾಗಲೇ ಅವರ ಮನಸ್ಸನ್ನು ಸೆರೆಹಿಡಿದುದು ಬ್ರೂಕ್‌ಲ್ಯಾಂಡ್ಸ್ ಎಂಬ ಸ್ಥಳ. ಲಂಡನ್ನಿಗೆ ಸಮೀಪದ ಸರ್ರೆ ಸೀಮೆಯಲ್ಲಿ ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರರು ತಮ್ಮ ಸ್ವಂತ ನೆಲದಲ್ಲಿ, ಸ್ವಂತ ಹಣ ಸುರಿದು, ಮೋಟಾರುಗಳ ಓಟಕ್ಕೆಂದೇ ಕಾಂಕ್ರೀಟಿನ ಪಥವೊಂದನ್ನು 1907ರಲ್ಲಿ ಕಟ್ಟಿಸಿದ್ದರು. ಆ ಬಗೆಯದು ಲೋಕದಲ್ಲಿ ಅದೇ ಮೊದಲನೆಯದು. ಸುತ್ತಳತೆ ಎರಡೂಮುಕ್ಕಾಲು ಮೈಲಿ; ಅಗಲ ನೂರು ಅಡಿ; ತಿರುವುಗಳಲ್ಲಿ ಪಥವು ಬಾಣಲೆಯ ಅಂಚಿನಂತೆ ಸುಮಾರು ಮೂವತ್ತು ಅಡಿ ಎತ್ತರಕ್ಕೆ ಏರಿದ್ದಿತು. ಇದರ ವೆಚ್ಚದಿಂದ ಯಜಮಾನರು ಬಹುಮಟ್ಟಿಗೆ ದಿವಾಳಿಯ ಬಾಗಿಲಿಗೆ ಬಂದಾಗ ವ್ಯವಹಾರವನ್ನು ಕೈಗೆ ತೆಗೆದುಕೊಂಡು ದಡ ಮುಟ್ಟಿಸಿದವರು ಅವರ ಪತ್ನಿ ಎಥೆಲ್. ಪ್ರಾರಂಭೋತ್ಸವದ ದಿನ ಗಾಡಿಗಳ ಮೆರವಣಿಗೆಯ ಮುಂಚೂಣಿಯಲ್ಲಿ ತಮ್ಮ ಗಾಡಿಯನ್ನು ತಾವೇ ಓಡಿಸಿಕೊಂಡು ಹೋದವರೂ ಆ ಮಹಾತಾಯಿಯೇ. ನಮ್ಮ ಗೃಹಿಣಿಯರು ಇದನ್ನು ಗಮನಿಸಬೇಕು.

ಅಲ್ಲಿ 1913ರಲ್ಲಿ ಪರ್ಸಿ ಲ್ಯಾಂಬರ್ಟ್ ಎಂಬವರು ಒಂದು ಗಂಟೆಯಲ್ಲಿ ನೂರು ಮೈಲಿಗೂ ಮೀರಿ ಓಡಿದರು. ಅದಕ್ಕೆ ಮೊದಲು ಯಾರೂ ಹಾಗೆ ಓಡಿದುದಿಲ್ಲ. 1935ರಲ್ಲಿ ಜಾನ್ ಕಾಬ್ ಎಂಬವರು ಗಂಟೆಗೆ 143.44 ಮೈಲಿಯ ವೇಗದಲ್ಲಿ ಸುತ್ತು ಹಾಕಿದರು. ಆ ದಾಖಲೆಯನ್ನು ಮುರಿಯುವುದಕ್ಕೆ ಯಾರಿಗೂ ಅವಕಾಶವೇ ಸಿಕ್ಕಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುವೆವು. ಬ್ರೂಕ್‌ಲ್ಯಾಂಡ್ಸಿಗೆ ಬರುತ್ತಿದ್ದವರು ಬಹುತೇಕ ಸಿರಿವಂತರು. ನೂಕುನುಗ್ಗಲಿಲ್ಲದ, ಸಭ್ಯರು ಮಾತ್ರ ಸೇರುವ ತಾಣವೆಂದೇ ಅದರ ಹೆಗ್ಗಳಿಕೆ. ಅಲ್ಲಿ ಗಾಡಿಗಳನ್ನು ಓಡಿಸಿ ಬಹುಮಾನ ಗೆಲ್ಲುವಷ್ಟು ಹಣ ಬಾಡಿಯವರಲ್ಲಿರಲಿಲ್ಲ. ಅವರಲ್ಲಿದ್ದುದು ಅಸಾಧಾರಣವಾದ ನೆನಪು ಮತ್ತು ಬರೆಯುವ ಚಪಲ. ಯಾವ ಗಾಡಿ, ಯಾವ ವರ್ಷ, ಯಾರು ಓಡಿಸಿದರು, ಯಾವ ಸುತ್ತಿನಲ್ಲಿ ಏನು ಮುರಿಯಿತು, ಆಮೇಲೆ ಆ ಗಾಡಿ ಯಾರ ಕೊಟ್ಟಿಗೆಗೆ ಹೋಯಿತು, ಇವೆಲ್ಲವನ್ನೂ ಅವರು ಮದುವೆಮನೆಯ ಹಿರಿಯಜ್ಜಿಯು ನಂಟಸ್ತಿಕೆಯನ್ನು ಬಿಡಿಸಿ ಹೇಳುವಂತೆ ಹೇಳಬಲ್ಲವರಾಗಿದ್ದರು. 1930ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, 'ಮೋಟಾರ್ ಸ್ಪೋರ್ಟ್' ಎಂಬ ಮಾಸಪತ್ರಿಕೆಯಲ್ಲಿ ಅವರ ಮೊದಲ ಲೇಖನವು ಅಚ್ಚಾಯಿತು. 1936ರಲ್ಲಿ ಅವರು ಅದೇ ಪತ್ರಿಕೆಯ ಸಂಪಾದಕರಾದರು. ಆ ಪೀಠದಿಂದ ಅವರು ಇಳಿದುದು 1991ರಲ್ಲಿ, ಎಂದರೆ 55 ವರ್ಷಗಳ ಮೇಲೆ. ಮಾಸಪತ್ರಿಕೆಯನ್ನು ನಡೆಯಿಸುವುದರ ಕಷ್ಟವನ್ನು ಅಷ್ಟಿಷ್ಟು ಬಲ್ಲ ನಮಗೆ ಈ ಒಂದು ಅಂಕಿಯೇ ಕೈಮುಗಿಯುವುದಕ್ಕೆ ಸಾಕಾಗಿದೆ.

ಈ ನಡುವೆ 1934ರ ಅಕ್ಟೋಬರು ತಿಂಗಳಲ್ಲಿ ಇಂಗ್ಲೆಂಡಿನಲ್ಲಿ 'ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್' ಎಂಬುದು ಸ್ಥಾಪಿತವಾಯಿತು. ವಿಂಟೇಜ್ ಎಂದರೆ ದ್ರಾಕ್ಷಿಯ ಸುಗ್ಗಿ. ಒಳ್ಳೆಯ ಬೆಳೆಯ ವರ್ಷದ ದ್ರಾಕ್ಷಾರಸವನ್ನು ಆ ವರ್ಷದ ಹೆಸರಿನಿಂದಲೇ ಕರೆಯುವುದು ಪಾಶ್ಚಾತ್ಯರ ರೂಢಿ. ಅದೇ ಮಾತನ್ನು ಇವರು ಮೋಟಾರುಗಳಿಗೆ ತಂದು ಹಚ್ಚಿ, 1930ರ ಡಿಸೆಂಬರು ಮುಗಿಯುವುದಕ್ಕೆ ಮೊದಲು ತಯಾರಾದುವೇ ನಿಜವಾದ ಗಾಡಿಗಳೆಂದೂ ಆಮೇಲಿನವು ಅಗ್ಗದ ಸರಕೆಂದೂ ಎಲ್ಲೆಯನ್ನು ಗೀಚಿದರು. ಆ ಎಲ್ಲೆಯೊಳಗಣ ಕೊನೆಯ ಗಾಡಿಗಳಿಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲವೆಂಬುದನ್ನು ನೆನೆದರೆ ನಗು ಬರುವುದು. ಆದರೆ ಅವರ ಉದ್ದೇಶದಲ್ಲಿ ಸದ್ವಿಚಾರವೊಂದಿದ್ದಿತು. ಬಹಳ ಹಣವಿಲ್ಲದವರಿಗೂ ಈ ಕ್ರೀಡೆಯು ದಕ್ಕಬೇಕೆಂಬುದೇ ಅವರ ಸಂಕಲ್ಪ. ಹಳೆಯ ಗಾಡಿಗಳು ಅಗ್ಗವಾಗಿ ಸಿಕ್ಕುತ್ತಿದ್ದುವಷ್ಟೆ. ಬಾಡಿಯವರು ಈ ಸಂಘದ ಆರಂಭಕಾಲದಿಂದಲೂ ಅದರೊಡನೆ ಇದ್ದು, ತಮ್ಮ ಪತ್ರಿಕೆಯನ್ನು ಅದರ ತುತ್ತೂರಿಯನ್ನಾಗಿ ಮಾಡಿದರು. ಹಳೆಯ ಮೋಟಾರುಗಳನ್ನು ಕಾಪಾಡುವ ಚಳವಳಿಗೆ ಅವರೇ ಪಿತೃಸ್ಥಾನದಲ್ಲಿರುವರೆಂದು ಆ ದೇಶದವರು ಈಗಲೂ ಹೇಳುವರು.

ಆದರೆ ವಿಂಟೇಜ್ ಸಂಘದಲ್ಲಿಯೂ ಬೆಂಟ್ಲಿ, ಬುಗಾಟಿ ಎಂಬ ದೊಡ್ಡ ಮನೆತನದ ಗಾಡಿಗಳು ಕೆಲವಿದ್ದುವು. ಬೇಬಿ ಆಸ್ಟಿನ್ನನ್ನು ಇಟ್ಟುಕೊಂಡ ಗುಮಾಸ್ತ, ಉಪಾಧ್ಯಾಯ, ಕೂಲಿಯ ಮೇಲಿನ ಯಂತ್ರಗಾರ, ಇಂಥವರಿಗೂ ತಮ್ಮದೆನ್ನುವ ಚಾವಡಿಯೊಂದು ಬೇಡವೆ? ಈ ಆಲೋಚನೆಯಿಂದ ಬಾಡಿಯವರು 1939ರಲ್ಲಿ '750 ಕ್ಲಬ್ಬು' ಎಂಬುದನ್ನು ಸ್ಥಾಪಿಸಿದರು. 747 ಘನ ಸೆಂಟಿಮೀಟರಿನ ಎಂಜಿನ್ನಿನ ಅಳತೆಯಿಂದ ಬಂದ ಹೆಸರದು. ಸಂಘವು ಕಣ್ಣು ಬಿಡುತ್ತಿರುವ ವರ್ಷದಲ್ಲಿಯೇ ಎರಡನೆಯ ಮಹಾಯುದ್ಧವು ಸಿಡಿಯಿತು.

ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಪೆಟ್ರೋಲಿಗೆ ರೇಷನ್ನು ಬಂದಿತು. 1942ರ ಜುಲೈಯಲ್ಲಿ ಸ್ವಂತ ಸಂತೋಷಕ್ಕಾಗಿ ಓಡಿಸುವವರಿಗೆ ಸಿಕ್ಕುತ್ತಿದ್ದ ಅಲ್ಪಸ್ವಲ್ಪವೂ ನಿಂತುಹೋಯಿತು. ಗಾಡಿಗಳನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಮೇಲೆ ಗೋಣಿ ಹೊದಿಸಿ, ಒಡೆಯರು ದಂಡಿಗೆ ಹೋದರು. ಎಷ್ಟೋ ಹಳೆಯ ಗಾಡಿಗಳು ಕಬ್ಬಿಣದ ಬೇಡಿಕೆಗಾಗಿ ಗುಜರಿಯವರ ಪಾಲಾಗಿ ಕುಲುಮೆಗೆ ಹೋದುವು. ಓಟಗಳಿಲ್ಲ, ಹೊಸ ಗಾಡಿಗಳಿಲ್ಲ, ಅಚ್ಚು ಹಾಕಲು ಕಾಗದಕ್ಕೂ ಕೊರತೆ. ಮೋಟಾರು ಕ್ರೀಡೆಯ ಪತ್ರಿಕೆಯೊಂದು ಇಂಥ ಕಾಲದಲ್ಲಿ ಬಾಗಿಲು ಹಾಕಿಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬಾಡಿಯವರು ಹಗಲಿನಲ್ಲಿ ಸರ್ಕಾರದ ವಿಮಾನೋತ್ಪಾದನಾ ಖಾತೆಯಲ್ಲಿ ಕೈಪಿಡಿಗಳನ್ನು ಬರೆಯುವ ಉದ್ಯೋಗ ಮಾಡಿ, ಉಳಿದ ಹೊತ್ತಿನಲ್ಲಿ ಪತ್ರಿಕೆಯನ್ನು ತಿಂಗಳು ತಿಂಗಳೂ ಹೊರಡಿಸುತ್ತ ಬಂದರು.

ವರದಿ ಮಾಡುವುದಕ್ಕೆ ಓಟಗಳೇ ಇಲ್ಲದಿರುವಾಗ ಪುಟಗಳನ್ನು ತುಂಬುವುದೆಂತು? ಬಾಡಿಯವರು ಕಂಡುಕೊಂಡ ಉಪಾಯವು ಬಹಳ ಸರಳವಾದುದು. ವಾಚಕರಿಗೆ, ತಾವು ಇಟ್ಟುಕೊಂಡಿದ್ದ ಗಾಡಿಗಳ ವಿಷಯವನ್ನು ಬರೆದು ಕಳುಹಿಸಿರೆಂದರು. ಒಬ್ಬೊಬ್ಬರೂ ತಮ್ಮ ಮೊದಲ ಗಾಡಿಯನ್ನು ಎಷ್ಟು ಪೌಂಡಿಗೆ ಕೊಂಡರು, ಯಾವ ಏರಿನಲ್ಲಿ ಅದು ಮುನಿಸಿಕೊಂಡಿತು, ಕಡೆಗೆ ಯಾರಿಗೆ ಮಾರಿದರು ಎಂಬುದನ್ನೆಲ್ಲ ಬರೆದರು. ಈ ಬರವಣಿಗೆಗಳು ಯುದ್ಧದ ವರ್ಷಗಳುದ್ದಕ್ಕೂ ಅಚ್ಚಾದುವು. ಇದರಲ್ಲಿ ಏನು ವಿಶೇಷವೆಂದು ಕೆಲವರು ಕೇಳಬಹುದು. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ನಾಳೆಯ ಭರವಸೆಯಿಲ್ಲದೆ ಬಿದ್ದಿರುವ ಸಿಪಾಯಿಗೆ, ತನ್ನ ಹಾಗೆಯೇ ಇನ್ನೊಬ್ಬನೂ ಕೊಟ್ಟಿಗೆಯಲ್ಲಿ ನಿಂತಿರುವ ಮುರುಕು ಗಾಡಿಯನ್ನು ನೆನೆಯುತ್ತಿರುವನೆಂದು ತಿಳಿದರೆ ಎಷ್ಟು ಸಮಾಧಾನವಾಗುವುದೆಂಬುದನ್ನು, ಊರು ಬಿಟ್ಟು ಇದ್ದು ಮನೆಯ ಕಾಗದಕ್ಕಾಗಿ ಟಪಾಲಿನವನ ದಾರಿ ಕಾದವರು ಬಲ್ಲರು. ಪ್ರಸಿದ್ಧರ ಚರಿತ್ರೆಯಷ್ಟೇ ಸಾಮಾನ್ಯರ ನೆನಪೂ ಅಚ್ಚಿಗೆ ಯೋಗ್ಯವೆಂದು ಆ ಸಂಪಾದಕರು ತಿಳಿದಿದ್ದುದೇ ನಮಗೆ ಹೆಚ್ಚಿನದಾಗಿ ಕಾಣುವುದು.

ಅದೇ ದಿನಗಳಲ್ಲಿ 750 ಕ್ಲಬ್ಬಿಗೆ ಒಬ್ಬ ಅಮೂಲ್ಯ ಮಿತ್ರರು ದೊರೆತರು. ಹ್ಯಾಂಪ್‌ಷೈರ್ ಸೀಮೆಯ ಫ್ಲೀಟ್ ಎಂಬ ಊರಿನಲ್ಲಿ ಹಾಲೆಂಡ್ ಬರ್ಕೆಟ್ ಎಂಬ ಪಶುವೈದ್ಯರಿದ್ದರು. ಊರವರ ದನಕರು ನಾಯಿಬೆಕ್ಕುಗಳ ರೋಗಕ್ಕೆ ಮದ್ದು ಕೊಡುತ್ತಿದ್ದ ಅವರಿಗೆ ಆಸ್ಟಿನ್ ಗಾಡಿಗಳ ರೋಗಕ್ಕೂ ಮದ್ದು ತಿಳಿದಿದ್ದಿತು. ಸಮೀಪದಲ್ಲಿಯೇ ಇದ್ದ ಫಾರ್ನ್‌ಬರೋ ಎಂಬಲ್ಲಿ ಸರ್ಕಾರದ ವಿಮಾನ ಸಂಶೋಧನಾಲಯವಿದ್ದುದರಿಂದ, ಅಲ್ಲಿ ಕೆಲಸಕ್ಕಿದ್ದ ಯಂತ್ರದ ಹುಚ್ಚಿನ ಹುಡುಗರು ಬಾಡಿ ಮತ್ತು ಬರ್ಕೆಟ್ಟರ ಬಳಗಕ್ಕೆ ಬಂದು ಸೇರಿದರು. ಡೆನಿಸ್ ಜೆಂಕಿನ್‌ಸನ್ ಎಂಬ ಕುಳ್ಳನೆಯ ಯುವಕನು ಅವರಲ್ಲೊಬ್ಬನು. ಅವನ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು.

ಯುದ್ಧವು ಮುಗಿಯಿತು. ಹಬ್ಬ ಮಾಡಬೇಕಾದ ಸಮಯದಲ್ಲಿ ಬಾಡಿಯವರಿಗೆ ದೊಡ್ಡ ಪೆಟ್ಟೊಂದು ಕಾದಿದ್ದಿತು. ಬ್ರೂಕ್‌ಲ್ಯಾಂಡ್ಸಿನಲ್ಲಿ ಯುದ್ಧವಿಮಾನಗಳ ಕಾರ್ಖಾನೆಗಳಿದ್ದುವು. ಯುದ್ಧಕಾಲದಲ್ಲಿ ಅಲ್ಲಿ ಪಥದ ಏರನ್ನು ಕಡಿದು ದಾರಿ ಮಾಡಿದ್ದರು, ಶತ್ರುಗಳ ಕಣ್ಣಿಗೆ ಬೀಳದಿರಲೆಂದು ಕಾಂಕ್ರೀಟಿನ ಮಧ್ಯದಲ್ಲಿ ಮರಗಳನ್ನು ಸಹ ನೆಟ್ಟಿದ್ದರು. 1946ರ ಜನವರಿಯಲ್ಲಿ ಆ ಸ್ಥಳವೆಲ್ಲವೂ 3,30,000 ಪೌಂಡಿಗೆ ವಿಮಾನ ಕಂಪೆನಿಗೇ ಮಾರಾಟವಾಗಿಹೋಯಿತು. ಅಲ್ಲಿ ಮತ್ತೆಂದೂ ಗಾಡಿಗಳ ಓಟವಿಲ್ಲವೆಂದಾಯಿತು, ಕಾಬರ 143.44 ಮೈಲಿಯ ದಾಖಲೆಯು ಮುರಿಯದೆ ಉಳಿದುದು ಇದರಿಂದಲೇ.

ಬಾಲ್ಯದ ದೇವಾಲಯವು ಕಣ್ಣೆದುರಿಗೇ ಪರರ ಪಾಲಾದುದನ್ನು ಕಂಡವರು ಎರಡು ಬಗೆಯಾಗಿ ನಡೆದುಕೊಳ್ಳಬಹುದು: ಹಳಹಳಿಸುತ್ತ ಕುಳಿತುಬಿಡಬಹುದು, ಇಲ್ಲವೆ ಕೆಲಸ ಹಿಡಿಯಬಹುದು. ಬಾಡಿಯವರು ಇವೆರಡನ್ನೂ ಮಾಡಿದರು. ಅವರ ಹಳಹಳಿಕೆಯು ಅರ್ಧ ಶತಮಾನ ಪರ್ಯಂತ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುತ್ತಲೇ ಇದ್ದಿತು. ಕೆಲಸವೂ ನಡೆಯಿತು. ಆ ಪಥದ ಮೇಲೆ ನಡೆದ ಓಟಗಳ ಚರಿತ್ರೆಯನ್ನು ಅವರು 1948ರಿಂದ ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ಅಲ್ಲಿ ಮರೆತುಹೋಗಬಹುದಾಗಿದ್ದ ಚಿಕ್ಕ ಚಿಕ್ಕ ಓಟಗಾರರ ಹೆಸರುಗಳೂ ಉಳಿದುವು. 1967ರಲ್ಲಿ 'ಬ್ರೂಕ್‌ಲ್ಯಾಂಡ್ಸ್ ಸೊಸೈಟಿ' ಎಂಬುದು ಹುಟ್ಟುವುದಕ್ಕೂ ಅವರು ಕಾರಣರಾದರು. ಪಥದ ಒಂದು ಭಾಗವು ಇಂದಿಗೂ ಉಳಿದಿದೆ. ಅಲ್ಲಿಯೇ ವಸ್ತುಸಂಗ್ರಹಾಲಯವೊಂದು 1991ರಲ್ಲಿ ಜನರಿಗೆ ತೆರೆಯಿತು. ಮುದುಕರಾದ ಬಾಡಿಯವರು ಸಂಪಾದಕತ್ವದಿಂದ ಇಳಿದ ವರ್ಷವೂ ಅದೇ.

ಈಗ ಚಿಕ್ಕ ಗಾಡಿಗಳ ಸಂಘಕ್ಕೆ ಹಿಂದಿರುಗೋಣ. ಯುದ್ಧಾನಂತರ ಇಂಗ್ಲೆಂಡಿನಲ್ಲಿ ಬೇಡವಾದ ವಿಮಾನದಾಣಗಳು ಬೇಕಾದಷ್ಟಿದ್ದುವು. ಅವುಗಳ ಅಂಚಿನ ರಸ್ತೆಗಳೇ ಓಟದ ಪಥಗಳಾದುವು. ಸಿಲ್ವರ್‌ಸ್ಟನ್ ಎಂಬ ಪ್ರಸಿದ್ಧ ಪಥವು 1948ರಲ್ಲಿ ಹೀಗೆ ಉಂಟಾದುದು. ಹಳೆಯ ಆಸ್ಟಿನ್ ಸೆವೆನ್ನುಗಳು ಆಗ ಬಹಳ ಅಗ್ಗ. ಅವನ್ನು ಬಿಚ್ಚಿ, ಮನೆಯಲ್ಲಿಯೇ ಓಟದ ಗಾಡಿಗಳನ್ನು ಕಟ್ಟಿಕೊಂಡು ಸ್ಪರ್ಧಿಸುವುದಕ್ಕೆ ತಕ್ಕ ನಿಯಮಾವಳಿಯೊಂದನ್ನು 750 ಕ್ಲಬ್ಬಿನವರು ರಚಿಸಿದರು. 1950ರಿಂದ ಆ ಓಟಗಳು ಆರಂಭವಾದುವು. ಹಣವಿದ್ದವನು ಹಣದಿಂದಲೇ ಗೆಲ್ಲದಂತೆ ಕಟ್ಟುಪಾಡುಗಳನ್ನು ಹಾಕಿ, ಕೈಚಳಕವಿದ್ದವನಿಗೆ ದಾರಿ ಬಿಟ್ಟರು. ಕಾಲಿನ್ ಚಾಪ್‌ಮನ್ ಎಂಬ ವಿದ್ಯಾರ್ಥಿಯು ತಾನು ಪ್ರೀತಿಸಿದ ಹುಡುಗಿಯ ತಂದೆಯ ಮನೆಯ ಗ್ಯಾರೇಜಿನಲ್ಲಿ ಹಳೆಯ ಆಸ್ಟಿನ್ನೊಂದನ್ನು ಬಿಚ್ಚಿ ಗಾಡಿ ಕಟ್ಟತೊಡಗಿದ್ದನು. ಅವನು 1951ರಲ್ಲಿ ಈ ನಿಯಮಾವಳಿಗೆ ತಕ್ಕಂತೆ ಕಟ್ಟಿದ ಗಾಡಿಯು ಉಳಿದವರನ್ನೆಲ್ಲ ಹಿಂದಿಕ್ಕಿತು. 'ಲೋಟಸ್' ಎಂಬ ಲೋಕಪ್ರಸಿದ್ಧ ಗಾಡಿಗಳ ವಂಶವು ಬೆಳೆದುದು ಆ ಗ್ಯಾರೇಜಿನಿಂದ. 1963ರಲ್ಲಿ ಆ ಕಂಪೆನಿಯ ಗಾಡಿಯು ಜಗತ್ತಿನ ಅತ್ಯುನ್ನತ ಓಟದ ಚಾಂಪಿಯನ್ ಪದವಿಯನ್ನೇ ಗೆದ್ದಿತು.

ಪಶುವೈದ್ಯ ಬರ್ಕೆಟ್ಟರು ಯೋಚಿಸಿದ ಓಟವು ನಮಗೆ ಇದಕ್ಕಿಂತಲೂ ಹಿಡಿಸಿದೆ. 1951ರಲ್ಲಿ ಅವರು ಸಿಲ್ವರ್‌ಸ್ಟನ್ನಿನಲ್ಲಿ ಆರು ಗಂಟೆಗಳ ಸರದಿಯ ಓಟವನ್ನು ಏರ್ಪಡಿಸಿದರು. ಒಂದೊಂದು ತಂಡದಲ್ಲಿಯೂ ಹಲವು ಗಾಡಿಗಳು. ಒಂದು ಓಡುತ್ತಿರುವಾಗ ಉಳಿದುವು ಕಾಯುವುವು. ಓಡಿ ಬಂದ ಚಾಲಕನು ತೊಟ್ಟಿದ್ದ ಪಟ್ಟಿಯನ್ನು ತೆಗೆದು ಮುಂದಿನವನಿಗೆ ತೊಡಿಸಿದ ಮೇಲೆಯೇ ಅವನು ಹೊರಡಬೇಕು. ಸಣ್ಣ ಗಾಡಿಗಳಿಗೆ ಅವುಗಳ ಶಕ್ತಿಯನ್ನು ನೋಡಿ ಮೊದಲೇ ಕೆಲವು ಸುತ್ತುಗಳನ್ನು ಉಂಬಳಿಯಾಗಿ ಕೊಡುವರು. ಇದರಿಂದ ಬೇಬಿ ಆಸ್ಟಿನ್ನಿನ ತಂಡಕ್ಕೂ ಮಹಾಗಾಡಿಗಳ ತಂಡದೊಡನೆ ಹೆಗಲೆಣೆಯಾಗಿ ನಿಲ್ಲುವ ಯೋಗವುಂಟು. ಬರ್ಕೆಟ್ಟರು 1963ರಲ್ಲಿ ವಿಮಾನದ ಅಪಘಾತದಲ್ಲಿ ಅಕಾಲಮರಣಕ್ಕೀಡಾದರು. ಸಂಘದವರು ಸರದಿಯ ಓಟಕ್ಕೆ ಅವರ ಹೆಸರನ್ನೇ ಇಟ್ಟರು. ಬರ್ಕೆಟ್ ರಿಲೇ ಎಂಬ ಆ ಹೆಸರು ಇಂದಿಗೂ ಬಳಕೆಯಲ್ಲಿದೆ.

ಜೆಂಕಿನ್‌ಸನ್ನನ ಕತೆಯು ಉಳಿಯಿತಲ್ಲವೆ? ಮೋಟಾರು ಸೈಕಲ್ಲಿನ ಪಕ್ಕದ ತೊಟ್ಟಿಲಲ್ಲಿ ಕುಳಿತು ಓಟ ಮಾಡುವ ಸ್ಪರ್ಧೆಯಲ್ಲಿ ಅವನು 1949ರಲ್ಲಿ ಎರಿಕ್ ಆಲಿವರ್ ಎಂಬ ಚಾಲಕನೊಡನೆ ಜಗತ್ತಿನ ಚಾಂಪಿಯನ್ ಆದನು. ಮುಂದೆ ಬಾಡಿಯವರು ಅವನನ್ನು ಪತ್ರಿಕೆಗೆ ಯೂರೋಪು ಖಂಡದ ಬಾತ್ಮೀದಾರನನ್ನಾಗಿ ಇಟ್ಟುಕೊಂಡರು. 1955ರ ಮೇ 1ರಂದು ಇಟಲಿಯಲ್ಲಿ ನಡೆದ 'ಮಿಲ್ಲೆ ಮಿಲ್ಯ' ಎಂಬ ಸಾವಿರ ಮೈಲಿಯ ಓಟದಲ್ಲಿ ಸ್ಟರ್ಲಿಂಗ್ ಮಾಸ್ ಗಾಡಿಯನ್ನು ಓಡಿಸಿದನು. ಜೆಂಕಿನ್‌ಸನ್ ಪಕ್ಕದಲ್ಲಿ ಕುಳಿತು, ಮೊದಲೇ ಅಡ್ಡಾಡಿ ಬರೆದುಕೊಂಡಿದ್ದ ತಿರುವುಗಳ ಟಿಪ್ಪಣಿಯನ್ನು ಜಾತಕದ ಸುರುಳಿಯಂತೆ ಬಿಚ್ಚುತ್ತ, ಎಂಜಿನ್ನಿನ ಆರ್ಭಟದಲ್ಲಿ ಮಾತು ಕೇಳಿಸದುದರಿಂದ ಕೈಸನ್ನೆಯಿಂದಲೇ ದಾರಿ ತೋರಿಸಿದನು. ಆ ಸುರುಳಿಯ ಉದ್ದ ಸುಮಾರು 18 ಅಡಿ. 10 ಗಂಟೆ 7 ಮಿನಿಟು 48 ಸೆಕೆಂಡುಗಳಲ್ಲಿ ಅವರು ಗೆದ್ದು ಬಂದರು. ಜೆಂಕಿನ್‌ಸನ್ ಈ ಪ್ರಯಾಣದ ವೃತ್ತಾಂತವನ್ನು ಬರೆದುದು ಬಾಡಿಯವರ ಪತ್ರಿಕೆಗೆ. ಮೋಟಾರಿನ ವಿಷಯದಲ್ಲಿ ಇಂಗ್ಲಿಷಿನಲ್ಲಿ ಬಂದ ಬರಹಗಳಲ್ಲಿ ಅದಕ್ಕೆ ಮಿಗಿಲಾದುದಿಲ್ಲವೆಂಬುದು ಅನೇಕರ ಅಭಿಪ್ರಾಯ. ತಾನು ಬರೆಯುವುದರ ಜೊತೆಗೆ ಇನ್ನೊಬ್ಬನ ಕೈಯಲ್ಲಿ ಚೆನ್ನಾಗಿ ಬರೆಯಿಸುವುದೂ ಸಂಪಾದಕನ ಕರ್ತವ್ಯವಲ್ಲವೆ?

ಇಷ್ಟು ಹೇಳಿದುದರಿಂದ ಬಾಡಿಯವರು ಸದಾ ನಗುಮುಖದ ಸಾಧುಗಳೆಂದು ವಾಚಕರು ತಿಳಿಯಬಾರದು. ಅವರ ಲೇಖನಿಗೆ ಮುಳ್ಳಿದ್ದಿತು. ಯುದ್ಧದ ಗಾಯವಿನ್ನೂ ಮಾಯದಿದ್ದ 1950ರ ದಶಕದಲ್ಲಿ, ಜರ್ಮನಿಯ ಫೋಕ್ಸ್‌ವ್ಯಾಗನ್ ಎಂಬ ಜೀರುಂಡೆಯಾಕಾರದ ಚಿಕ್ಕ ಗಾಡಿಯು ಇಂಗ್ಲೆಂಡಿನ ಎಷ್ಟೋ ಗಾಡಿಗಳಿಗಿಂತ ಚೆನ್ನಾಗಿದೆಯೆಂದು ಅವರು ಪದೇಪದೇ ಬರೆದರು. ಸ್ವದೇಶದ ಕಾರ್ಖಾನೆಗಳಿಗೆ ದ್ರೋಹವೆಂದು ಕೋಪಗೊಂಡವರ ಕಾಗದಗಳು ಬಂದುವು. ಗಾಡಿಯು ಚೆನ್ನಾಗಿದ್ದರೆ ಚೆನ್ನಾಗಿದೆಯೆಂದು ಹೇಳುವುದೇ ತಮ್ಮ ಕೆಲಸವೆಂಬ ನಿಲುವನ್ನು ಅವರು ಬಿಡಲಿಲ್ಲ. 1965ರಲ್ಲಿ ಇಂಗ್ಲೆಂಡಿನ ಸರ್ಕಾರವು ಗಂಟೆಗೆ 70 ಮೈಲಿಗಿಂತ ಹೆಚ್ಚು ವೇಗವಾಗಿ ಗಾಡಿಗಳನ್ನು ಓಡಿಸಕೂಡದೆಂದು ವಿಧಿಸಿದಾಗಲೂ ಅವರು ಕೆರಳಿ ನಿಂತರು. ಈ ವಿಷಯದಲ್ಲಿ ನಾವು ಅವರ ಪಕ್ಷವನ್ನು ಹಿಡಿಯಲಾರೆವು. ಮಕ್ಕಳನ್ನು ಶಾಲೆಗೆ ಕಳುಹಿಸಿ ಸಂಜೆ ಬಾಗಿಲಲ್ಲಿ ನಿಂತು ಕಾಯುವ ತಾಯ್ತಂದೆಗಳ ಕಣ್ಣಿಗೆ ವೇಗಕ್ಕೊಂದು ಕಡಿವಾಣವಿರುವುದೇ ಹಿತವಾಗಿ ಕಾಣುವುದು. ಆದರೆ ಅವರು ತಮಗೆ ಎದುರಾಗಿ ಬಂದ ಕಾಗದಗಳನ್ನೂ ಪತ್ರಿಕೆಯಲ್ಲಿ ಅಚ್ಚು ಹಾಕುತ್ತಿದ್ದರು, ಇದನ್ನು ಮೆಚ್ಚದಿರಲಾಗದು.

ಅವರ ಇಳಿವಯಸ್ಸೆಲ್ಲ ವೇಲ್ಸ್ ದೇಶದ ಗುಡ್ಡಗಾಡಿನ ನಡುವಣ ಮನೆಯಲ್ಲಿ, ಹಳೆಯ ಪುಸ್ತಕ ಪತ್ರಿಕೆಗಳ ರಾಶಿಯ ಮಧ್ಯದಲ್ಲಿ ಕಳೆಯಿತು. ಜೊತೆಗಾರರು ಒಬ್ಬೊಬ್ಬರಾಗಿ ಹೋದರು. ವಿಂಟೇಜ್ ಸಂಘದಲ್ಲಿ ಜೊತೆಗಿದ್ದ ಸೆಸಿಲ್ ಕ್ಲಟ್ಟನ್ 1991ರಲ್ಲಿಯೂ ಜೆಂಕಿನ್‌ಸನ್ 1996ರಲ್ಲಿಯೂ ತೀರಿಕೊಂಡರು. ತನಗಿಂತ ಕಿರಿಯರಾದವರಿಗೂ ಚರಮವಾಕ್ಯ ಬರೆಯಬೇಕಾಗಿ ಬರುವುದು ದೀರ್ಘಾಯುಸ್ಸಿನ ದಂಡ. 1997ರಲ್ಲಿ ಅವರಿಗೆ ಎಂ.ಬಿ.ಇ. ಎಂಬ ರಾಜಮರ್ಯಾದೆಯು ಸಂದಿತು.

ಸಂಪಾದಕತ್ವವನ್ನು ಬಿಟ್ಟ ಮೇಲೂ ಅವರು ಬರೆಯುವುದನ್ನು ಬಿಟ್ಟವರಲ್ಲ. 'ಮೋಟಾರ್ ಸ್ಪೋರ್ಟ್' ಪತ್ರಿಕೆಯಲ್ಲಿ ತಿಂಗಳಿಗೊಂದರಂತೆ ಅವರ ಬರಹವು ಬರುತ್ತಲೇ ಇದ್ದಿತು: ಯಾರ ಕೊಟ್ಟಿಗೆಯಲ್ಲಿಯೋ ಕಂಡುಬಂದ ಯಾವುದೋ ಗಾಡಿ, ಯಾರೋ ಕೇಳಿದ ಹಳೆಯ ಪ್ರಶ್ನೆ, ಬ್ರೂಕ್‌ಲ್ಯಾಂಡ್ಸಿನ ಯಾವುದೋ ಮಧ್ಯಾಹ್ನದ ಓಟ. 1930ರಲ್ಲಿ ಮೊದಲ ಲೇಖನವನ್ನು ಅಚ್ಚು ಹಾಕಿದ ಪತ್ರಿಕೆಯೇ ಅವರ ಕೊನೆಯ ಬರಹವನ್ನೂ ಅಚ್ಚು ಹಾಕಿತು. ಆಗ ಇಸವಿಯು 2011.